ಪದಚರ್ಚೆ: ಸ್ಪ್ಯಾನಿಷಿನಲ್ಲಿ ‘ಬಾರೋ, ಸುಮ್ನೆ ಸುತ್ತಾಡಿ ಬರೋಣ’

ನಮಸ್ಕಾರ. ‘ಶನಿವಾರ ಸಿನಿಮಾಕ್ಕೆ ಬರ್ತೀಯಾ’ ಎಂದು ಗೆಳತಿಯನ್ನು ಕೇಳಲು ‘ತೆ ಇಂಬೀತೊ ಅಲ್ ಥೀನೆ’ ಅಂದರೆ ಸಾಕೇ ಎಂದು ಕೇಳಿದ್ದೀರಿ. ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಅವಳ ಟಿಕೆಟ್ಟಿನ ದುಡ್ಡೂ ನಿಮ್ಮದೇ!

‘ಇಂಬಿತಾರ್’ (ಬರೆಯುವುದು ವಿ, ಬಾಯಲ್ಲಿ ಬಿ) ಎಂದರೆ ನಿಘಂಟಿನಲ್ಲಿ ‘ಆಹ್ವಾನಿಸು’. ಮದುವೆಗೋ ಹುಟ್ಟುಹಬ್ಬಕ್ಕೋ ಕರೆದರೆ ಅದೇ ಅರ್ಥ. ಕಾಫಿ, ಊಟ, ಸಿನಿಮಾದ ಜೊತೆ ಬಂದಾಗ ಅದು ನಮ್ಮ ‘ಕೊಡಿಸು’. ‘ಬಾ, ಕಾಫಿ ಕೊಡಿಸ್ತೀನಿ’ ಅಂತೀವಲ್ಲ, ಹಾಗೆ. ಬಿಲ್ ಬಂದಾಗ ಒಬ್ಬರು ‘ಇಂಬೀತೊ ಯೊ’ ಅಂದರೆ ‘ನಾನು ಕೊಡ್ತೀನಿ, ಬಿಡು’ ಎಂದರ್ಥ.

ಸುಮ್ನೆ ಕರೆಯಲು ಸ್ಪೇನಿನಲ್ಲಿ ದಿನಾ ಕಿವಿಗೆ ಬೀಳುವ ಮಾತು ‘ಕೆದಾಮೋಸ್?’. ಮೂಲ ಕ್ರಿಯಾಪದ ‘ಕೆದಾರ್’. ‘ಉಳಿ’ ಎಂಬುದು ಅದರ ಹಳೆಯ ಅರ್ಥ. ಗೆಳೆಯರ ನಡುವೆ ಅದು ‘ಇಂಥ ಕಡೆ, ಇಷ್ಟು ಹೊತ್ತಿಗೆ ಸಿಗೋಣ’ ಎಂದಾಗುತ್ತದೆ. ‘ಕೆದಾಮೋಸ್ ಎಲ್ ಸಾಬದೊ?’ ಅಂದರೆ ‘ಶನಿವಾರ ಸಿಗೋಣ್ವಾ?’. ಮುಂದಿನ ಪ್ರಶ್ನೆ ‘ದೋಂದೆ ಕೆದಾಮೋಸ್?’, ಎಲ್ಲಿ ಸಿಗೋಣ? ಮ್ಯಾಡ್ರಿಡ್‌ನಲ್ಲಾದರೆ ಎಷ್ಟೋ ಸಲ ಉತ್ತರ ಒಂದೇ: ಪುಯೆರ್ತ ದೆಲ್ ಸೋಲ್ ಚೌಕದ ಕರಡಿ ಮತ್ತು ಮರದ ಪ್ರತಿಮೆಯ ಹತ್ತಿರ. ಒಂದು ಎಚ್ಚರಿಕೆ. ‘ಮೆ’ ಸೇರಿಸಿ ‘ಮೆ ಕೆದೊ ಎನ್ ಕಾಸ’ ಅಂದರೆ ‘ನಾನು ಮನೆಯಲ್ಲೇ ಇರ್ತೀನಿ’ ಎಂದು ಅರ್ಥ ತಿರುಗಿಬಿಡುತ್ತದೆ.

ಕನ್ನಡದವರಿಗೆ ತುಂಬ ಸಲೀಸಾಗಿ ಬರುವುದು ‘ತೆ ಅಪೆತೇಥೆ ತೊಮಾರ್ ಆಲ್ಗೊ?’. ಏನಾದರೂ ಕುಡಿಯೋಣ ಅನ್ನಿಸ್ತಿದೆಯಾ ನಿನಗೆ? ಇಲ್ಲಿ ‘ತೆ’ ಅಂದರೆ ‘ನಿನಗೆ’. ‘ನಂಗೆ ಬೇಕು’, ‘ನಂಗೆ ಇಷ್ಟ’ ಎಂದು ನಾಲ್ಕನೇ ವಿಭಕ್ತಿಯಲ್ಲೇ ಆಸೆ ಹೇಳಿಕೊಳ್ಳುವ ನಮಗೆ ಈ ಜೋಡಣೆ ಹೊಸದೇ ಅಲ್ಲ. ಇಂಗ್ಲಿಷಿನ ಮೂಲಕ ಕಲಿಯುವವರು ಇಲ್ಲೇ ಒದ್ದಾಡುತ್ತಾರೆ. ನೀವು ನೇರವಾಗಿ ಕನ್ನಡದಿಂದಲೇ ಹೋಗಿ, ದಾರಿ ಹತ್ತಿರ. ದೇಶ ಬದಲಾದರೆ ಕ್ರಿಯಾಪದ ಬದಲು, ‘ತೆ’ ಮಾತ್ರ ಹಾಗೇ ಇರುತ್ತದೆ. ಕೊಲಂಬಿಯಾ, ಪೆರುಗಳಲ್ಲಿ ‘ತೆ ಪ್ರೊಬೋಕ?’, ಮೆಕ್ಸಿಕೋದಲ್ಲಿ ‘ತೆ ಲಾತೆ?’. ಈ ‘ಲಾತೆ’ ಎದೆ ಬಡಿತದ ಕ್ರಿಯಾಪದದಿಂದ ಬಂದದ್ದು, ನನಗೆ ಬಲು ಇಷ್ಟವಾದ ಮಾತು.

ಇನ್ನು ‘ಒಂದು ರೌಂಡ್ ಹೋಗಿ ಬರೋಣ’ ಎನ್ನುವುದಕ್ಕೆ ‘ದಾರ್ ಊನ ಬುವೆಲ್ತ’ ಇದೆ. ‘ಬುವೆಲ್ತ’ ಅಂದರೂ ಸುತ್ತು, ಅಲ್ವಾ? ‘ಬಾಮೋಸ್ ಅ ದಾರ್ ಊನ ಬುವೆಲ್ತ’ ಅನ್ನಿ, ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ‘ಕಿಯೆರೆಸ್ ಸಲೀರ್ ಕೊನ್‌ಮೀಗೊ?’ ಎಂದು ಮಾತ್ರ ಕೇಳಬೇಡಿ. ಪದಕ್ಕೆ ಪದ ಇಟ್ಟರೆ ‘ನನ್ನ ಜೊತೆ ಹೊರಗೆ ಬರ್ತೀಯಾ’ ಅಷ್ಟೇ. ಕೇಳಿಸಿಕೊಂಡವರಿಗೆ ಅದು ಪ್ರೇಮದ ಪ್ರಸ್ತಾಪದಂತೆ ಕೇಳಬಹುದು. ‘ಸಲೀಮೋಸ್ ಎಲ್ ಸಾಬದೊ?’ ಎಂದು ಗುಂಪಿನಲ್ಲಿ ಕೇಳಿದರೆ ಏನೂ ತೊಂದರೆಯಿಲ್ಲ.

ಅವರೇ ನಿಮ್ಮನ್ನು ಕರೆದಾಗಲೂ ಒಂದು ತೊಡಕಿದೆ. ‘ತೆ ಬಿಯೆನೆಸ್?’, ಅಂದರೆ ‘ಬರ್ತೀಯಾ?’. ನಮ್ಮ ನಾಲಿಗೆ ‘ಬರ್ತೀನಿ’ ಎಂದು ‘ಬೇಂಗೊ’ ಹೇಳಲು ಹೊರಡುತ್ತದೆ. ಕೇಳಿದವರು ಇರುವ ಕಡೆಗೆ ನಾವು ಹೋಗುವಾಗ ಸ್ಪ್ಯಾನಿಷಿನಲ್ಲಿ ಅದು ‘ಹೋಗು’ವೇ, ‘ಬಾ’ ಅಲ್ಲ. ಬಾಗಿಲು ತಟ್ಟಿದವರಿಗೆ ನಾವು ‘ಬಂದೆ, ಬಂದೆ’ ಅಂದರೆ ಅವರು ‘ಯಾ ಬೋಯ್’ ಅನ್ನುತ್ತಾರೆ. ಹಾಗಾಗಿ ಗೆಳತಿ ಕರೆದರೆ ನಿಮ್ಮ ಉತ್ತರ: ‘ಸೀ, ಬೋಯ್’.