ವಾಸ್ತುಶಿಲ್ಪಿಯ ನಕ್ಷೆಯನ್ನು ಬೂದು ಹಿನ್ನೆಲೆಯಾಗಿಸುವಾಗ ಬ್ಲಾಕುಗಳ ಬಣ್ಣ ಬದಲಾಗುತ್ತಿಲ್ಲ: ಒಂದೇ ಆದೇಶದಲ್ಲಿ ಮಾಡುವ ದಾರಿ ಇದೆಯೇ?

ಪ್ರಶ್ನೆ

ನಾನು ಕಟ್ಟಡಗಳ ವಿದ್ಯುತ್ ವಿನ್ಯಾಸದ ನಕ್ಷೆಗಳನ್ನು ಆಟೊಕ್ಯಾಡ್ ಎಂಬ ನಕ್ಷೆ ಬರೆಯುವ ತಂತ್ರಾಂಶದಲ್ಲಿ ಸಿದ್ಧಪಡಿಸುತ್ತೇನೆ. ವಾಸ್ತುಶಿಲ್ಪಿಗಳು ಕಳಿಸುವ ಮಹಡಿ ನಕ್ಷೆಯ ಗೆರೆಗಳನ್ನೆಲ್ಲ 8ನೇ ಬಣ್ಣಕ್ಕೆ, ಅಂದರೆ ಬೂದಿಗೆ, ಇಳಿಸಿ, ಅದರ ಮೇಲೆ ನಮ್ಮ ದೀಪ, ಸ್ವಿಚ್ಚು, ಕೇಬಲ್ ಟ್ರೇಗಳು ಎದ್ದು ಕಾಣುವಂತೆ ಬರೆಯುವುದು ನಮ್ಮಲ್ಲಿನ ಪದ್ಧತಿ. ಗೆರೆಗಳನ್ನು ಗುಂಪುಗೂಡಿಸುವ ಪದರಗಳಾದ ಲೇಯರ್‌ಗಳ ಪಟ್ಟಿಯಲ್ಲಿ ಎಲ್ಲವನ್ನೂ ಆಯ್ದು ಬಣ್ಣ ಬದಲಿಸಿದರೆ ಗೋಡೆಗಳು ಬೂದಾಗುತ್ತವೆ. ಆದರೆ ಬಾಗಿಲಿನ ಬ್ಲಾಕಿನಲ್ಲಿ (ಹಲವು ಗೆರೆಗಳನ್ನು ಒಂದೇ ವಸ್ತುವಾಗಿ ಕಟ್ಟಿದ್ದು) ಚೌಕಟ್ಟು ಹಳದಿಯಾಗಿ, ಹಲಗೆ ಹಸಿರಾಗಿ, ಬಾಗಿಲು ತೆರೆಯುವ ಕಮಾನು ಕೆಂಪಾಗಿ ಹಾಗೆಯೇ ಉಳಿಯುತ್ತವೆ. ಬ್ಲಾಕನ್ನೇ ಆಯ್ದು ಪ್ರಾಪರ್ಟೀಸ್‌ನಲ್ಲಿ ಬಣ್ಣ ಕೊಟ್ಟರೂ ಅವು ಜಗ್ಗುವುದಿಲ್ಲ. ಬಣ್ಣದ ಮೇಲೆ ಪೆನ್ನಿನ ದಪ್ಪ ನಿರ್ಧರಿಸುವ ಸಿಟಿಬಿ ಕಡತವನ್ನು ನಾವು ಬಳಸುವುದರಿಂದ, ತೆರೆಯ ಮೇಲಿನ ಹಳದಿ ಕಾಗದದ ಮೇಲೆ ದಪ್ಪ ಕಪ್ಪು ಗೆರೆಯಾಗಿ ಮೂಡಿ ನಮ್ಮ ವೈರಿಂಗನ್ನೇ ನುಂಗುತ್ತದೆ. ಬಾಗಿಲು, ಕಿಟಕಿಗಳನ್ನು ಆಮೇಲೆ ಎಣಿಸಬೇಕಾಗಿರುವುದರಿಂದ ಬ್ಲಾಕುಗಳನ್ನು ಎಕ್ಸ್‌ಪ್ಲೋಡ್ ಮಾಡುವ, ಅಂದರೆ ಬಿಡಿ ಗೆರೆಗಳಾಗಿ ಒಡೆಯುವ, ಹಾಗಿಲ್ಲ. ಪರಿಷ್ಕೃತ ನಕ್ಷೆ ಬಂದಾಗಲೆಲ್ಲ ಪ್ರತಿ ಬ್ಲಾಕನ್ನೂ ಬ್ಲಾಕ್ ಎಡಿಟರ್‌ನಲ್ಲಿ ತೆರೆದು ತಿದ್ದದೆ ಈ ಕೆಲಸವನ್ನು ತಾನಾಗಿಯೇ ನಡೆಯುವಂತೆ ಮಾಡುವುದು ಹೇಗೆ?

ಉತ್ತರ 1

ಆಟೊಕ್ಯಾಡ್ 2008ರಿಂದಲೂ ಇದಕ್ಕೆಂದೇ ಸೆಟ್‌ಬೈಲೇಯರ್ ಎಂಬ ಆದೇಶವಿದೆ. ಅದನ್ನು ಕೊಟ್ಟು, ಎಲ್ಲ ವಸ್ತುಗಳನ್ನೂ ಆಯ್ದು, ಬೈಬ್ಲಾಕ್ (ಬ್ಲಾಕನ್ನು ಅನುಸರಿಸುವ) ಬಣ್ಣವನ್ನು ಬೈಲೇಯರ್ (ಲೇಯರನ್ನು ಅನುಸರಿಸುವುದು) ಮಾಡಬೇಕೆ, ಬ್ಲಾಕುಗಳನ್ನೂ ಸೇರಿಸಬೇಕೆ ಎಂದು ಕೇಳುವ ಎರಡು ಪ್ರಶ್ನೆಗಳಿಗೂ ಹೌದು ಎನ್ನಿ. ಬಣ್ಣವನ್ನು ಮಾತ್ರ ಬದಲಿಸಿ ಗೆರೆಯ ಮಾದರಿ ಮತ್ತು ದಪ್ಪವನ್ನು ಹಾಗೆಯೇ ಉಳಿಸಬೇಕಿದ್ದರೆ ಅದರ ಸೆಟ್ಟಿಂಗ್ಸ್‌ನಲ್ಲಿ ಉಳಿದವುಗಳ ಗುರುತು ತೆಗೆಯಿರಿ. ಎಲ್ಲವನ್ನೂ ಆಯ್ದಾಗಲೂ ಫ್ರೀಜ್ ಅಥವಾ ಲಾಕ್ ಆಗಿರುವ ಲೇಯರಿನ ವಸ್ತುಗಳು ಆಯ್ಕೆಗೆ ಸಿಗುವುದಿಲ್ಲವಾದ್ದರಿಂದ ಮೊದಲು ಅವನ್ನು ಬಿಡಿಸಿಕೊಳ್ಳಬೇಕು.

ಉತ್ತರ 2

ಮೇಲಿನ ಸಲಹೆ ಸರಿಯಾದದ್ದೇ, ಬಹಳಷ್ಟು ನಕ್ಷೆಗಳಿಗೆ ಅಷ್ಟೇ ಸಾಕು. ಆದರೂ ಬ್ಲಾಕಿನ ಬಣ್ಣ ಏಕೆ ಜಗ್ಗುವುದಿಲ್ಲ ಎಂಬುದನ್ನು ತಿಳಿದುಕೊಂಡರೆ ಮುಂದೆ ಯಾವ ನಕ್ಷೆ ಬಂದರೂ ನೀವೇ ದಾರಿ ಕಂಡುಕೊಳ್ಳಬಹುದು.

ನಕ್ಷೆಯಲ್ಲಿ ನಮಗೆ ಕಾಣುವ ಬಾಗಿಲು ಕೇವಲ ಒಂದು ಇನ್ಸರ್ಟ್, ಅಂದರೆ ಬ್ಲಾಕನ್ನು ಅಲ್ಲಿ ತಂದಿರಿಸಿದ ಒಂದು ನಕಲು. ನಿಜವಾದ ಗೆರೆಗಳು ಇರುವುದು ಬ್ಲಾಕಿನ ಡೆಫಿನಿಷನ್ನಿನಲ್ಲಿ, ಅಂದರೆ ಅದರ ಮೂಲ ರಚನೆಯಲ್ಲಿ. ಒಳಗಿನ ಗೆರೆಯ ಬಣ್ಣ ಬೈಬ್ಲಾಕ್ ಆಗಿದ್ದರೆ ಮಾತ್ರ ಅದು ಇನ್ಸರ್ಟಿಗೆ ಕೊಟ್ಟ ಬಣ್ಣವನ್ನು ಪಡೆಯುತ್ತದೆ. ಬೈಲೇಯರ್ ಆಗಿದ್ದು, ಸೊನ್ನೆ ಹೆಸರಿನ ಲೇಯರಿನಲ್ಲಿದ್ದರೆ ಇನ್ಸರ್ಟ್ ಕುಳಿತಿರುವ ಲೇಯರಿನ ಬಣ್ಣವನ್ನೂ, ಬೇರೆ ಲೇಯರಿನಲ್ಲಿದ್ದರೆ ಆ ಲೇಯರಿನ ಬಣ್ಣವನ್ನೂ ತೋರಿಸುತ್ತದೆ. ನಿಮ್ಮ ಬಾಗಿಲಿನ ಚೌಕಟ್ಟಿಗೆ ಬರೆದವರು ನೇರವಾಗಿ 2ನೇ ಬಣ್ಣವನ್ನೇ, ಅಂದರೆ ಹಳದಿಯನ್ನೇ, ಕೊಟ್ಟಿದ್ದಾರೆ. ಹಾಗಾಗಿ ಅದು ಲೇಯರಿನ ಮಾತನ್ನೂ ಕೇಳುವುದಿಲ್ಲ, ಇನ್ಸರ್ಟಿನ ಮಾತನ್ನೂ ಕೇಳುವುದಿಲ್ಲ. ತಿದ್ದಬೇಕಾದದ್ದು ಡೆಫಿನಿಷನ್ನನ್ನು, ಅದೂ ಒಂದೇ ಸಲ. ಆಗ ಆ ಬ್ಲಾಕಿನ ಎಲ್ಲ ಇನ್ಸರ್ಟುಗಳೂ ನಕ್ಷೆಯನ್ನು ಮತ್ತೆ ಮೂಡಿಸುವ ರೀಜೆನ್ ಆದೇಶ ಕೊಟ್ಟೊಡನೆ ಬದಲಾಗುತ್ತವೆ.

ಆಟೊಕ್ಯಾಡ್‌ನ ಪ್ರೋಗ್ರಾಂ ಭಾಷೆಯಾದ ಆಟೊಲಿಸ್ಪ್‌ನಲ್ಲಿ ಇದನ್ನು ಬರೆಯುವುದು ಕಷ್ಟವಲ್ಲ. ನಕ್ಷೆಯ ವಸ್ತುಗಳನ್ನು ಪ್ರೋಗ್ರಾಂನಿಂದ ನಿಭಾಯಿಸುವ ಆಕ್ಟಿವ್‌ಎಕ್ಸ್ ದಾರಿಯಲ್ಲಾದರೆ ನಕ್ಷೆಯ ಬ್ಲಾಕ್ಸ್ ಸಂಗ್ರಹವನ್ನು ಒಂದೊಂದಾಗಿ ಸುತ್ತಬೇಕು. ಮಾಡೆಲ್ ಸ್ಪೇಸ್ (ನಕ್ಷೆ ಬರೆಯುವ ಜಾಗ) ಮತ್ತು ಲೇಔಟುಗಳೂ (ಮುದ್ರಣದ ಹಾಳೆಗಳು) ಈ ಸಂಗ್ರಹದೊಳಗೇ ಬ್ಲಾಕುಗಳಾಗಿ ಇರುವುದರಿಂದ, ಹೊರಗಿನ ಗೆರೆಗಳಿಗೆಂದು ಬೇರೆ ಸುತ್ತು ಬೇಕಾಗಿಲ್ಲ. ಬ್ಲಾಕಿನೊಳಗಿನ ಬ್ಲಾಕಿಗೂ ಅದರದೇ ಡೆಫಿನಿಷನ್ ಇಲ್ಲಿ ಸಿಗುವುದರಿಂದ ಎಷ್ಟು ಆಳಕ್ಕೆ ಹುದುಗಿದ್ದರೂ ಚಿಂತೆಯಿಲ್ಲ. ಎಕ್ಸ್‌ರೆಫ್ (ಹೊರಗಿನಿಂದ ಜೋಡಿಸಿದ ಕಡತ) ಆಗಿರುವವುಗಳನ್ನು ಬಿಟ್ಟು, ಉಳಿದವುಗಳಲ್ಲಿನ ಪ್ರತಿ ವಸ್ತುವಿನ ಬಣ್ಣಕ್ಕೆ 256 ಎಂದು ಕೊಡಿ, ಬೈಲೇಯರಿನ ಸಂಖ್ಯೆ ಅದೇ. ಬೈಬ್ಲಾಕಿನ ಸಂಖ್ಯೆ ಸೊನ್ನೆ, ಅದನ್ನು ಮುಟ್ಟಬೇಡಿ ಎಂಬುದು ನನ್ನ ಸಲಹೆ. ಬೈಬ್ಲಾಕ್ ಎಂದು ಇಟ್ಟವರು ಯೋಚಿಸಿಯೇ ಇಟ್ಟಿರುತ್ತಾರೆ, ಮತ್ತು ಇನ್ಸರ್ಟು ಬೈಲೇಯರ್ ಆದರೆ ಅದೂ ತಾನಾಗಿ ಲೇಯರನ್ನೇ ಅನುಸರಿಸುತ್ತದೆ. ಲಾಕ್ ಆದ ಲೇಯರಿನ ವಸ್ತು ಸಿಕ್ಕಿದರೆ ಪ್ರೋಗ್ರಾಂ ದೋಷ ತೋರಿಸಿ ಅರ್ಧದಲ್ಲೇ ನಿಲ್ಲುತ್ತದೆಯಾದ್ದರಿಂದ, ಮೊದಲು ಎಲ್ಲ ಲಾಕುಗಳನ್ನು ತೆರೆದು, ಯಾವುವು ಲಾಕ್ ಆಗಿದ್ದವೆಂದು ನೆನಪಿಟ್ಟು, ಕೊನೆಯಲ್ಲಿ ಮತ್ತೆ ಹಾಕುವ ಸಾಲುಗಳನ್ನೂ ಸೇರಿಸಿ.

ಇನ್ನೊಂದು ಮಾತು. ಬಾಗಿಲಿನ ಮೇಲೆ ಸಂಖ್ಯೆ ಬರೆಯುವ ಆಟ್ರಿಬ್ಯೂಟುಗಳು ಪ್ರತಿ ಇನ್ಸರ್ಟಿಗೂ ಪ್ರತ್ಯೇಕವಾಗಿ ಅಂಟಿಕೊಂಡಿರುತ್ತವೆ, ಡೆಫಿನಿಷನ್ ತಿದ್ದಿದರೆ ಅವು ಬದಲಾಗುವುದಿಲ್ಲ. ಅವನ್ನು ಡೆಫಿನಿಷನ್ನಿಗೆ ಹೊಂದಿಸುವ ಆಟ್‌ಸಿಂಕ್ ಆದೇಶ ಕೊಟ್ಟರೆ ಬಣ್ಣ ಸರಿಹೋದರೂ, ಯಾರೋ ಓದಲು ಅನುಕೂಲವಾಗಲೆಂದು ಪಕ್ಕಕ್ಕೆ ಸರಿಸಿಟ್ಟ ಸಂಖ್ಯೆಗಳೆಲ್ಲ ಮೂಲ ಜಾಗಕ್ಕೆ ಮರಳಿಬಿಡುತ್ತವೆ. ಅದರ ಬದಲು ಪ್ರತಿ ಇನ್ಸರ್ಟಿನ ಆಟ್ರಿಬ್ಯೂಟುಗಳನ್ನು ಪಡೆದು ಅವುಗಳ ಬಣ್ಣವನ್ನೇ ನೇರವಾಗಿ ಬದಲಿಸುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು

ವಿವರವಾಗಿ ತಿಳಿಸಿದ್ದಕ್ಕೆ ಧನ್ಯವಾದಗಳು. ಬಾಗಿಲು, ಕಿಟಕಿ, ಪೀಠೋಪಕರಣಗಳೆಲ್ಲ ಬೂದಾಗಿವೆ. ಆದರೆ ಅಳತೆ ಗೆರೆಗಳ ಅಂಕಿಗಳು ಹಸಿರಾಗಿಯೇ ಇವೆ, ಕೆಲವು ಕೋಣೆಗಳ ಹೆಸರು ಪ್ರಾಪರ್ಟೀಸ್‌ನಲ್ಲಿ ಬೈಲೇಯರ್ ಎಂದು ತೋರಿಸುತ್ತಲೇ ತೆರೆಯ ಮೇಲೆ ಕೆಂಪಾಗಿವೆ. ಜೊತೆಗೆ, ಒಂದು ಫೋಲ್ಡರಿನ ನಕ್ಷೆಗಳನ್ನೆಲ್ಲ ತೆರೆಯದೆಯೇ ಹೀಗೆ ಬದಲಿಸಬಹುದೇ?

ಉತ್ತರ 2

ಅಳತೆಗಳ ಒಳಗಿನ ಬಣ್ಣ ಡೈಮೆನ್ಷನ್ ಸ್ಟೈಲಿನಿಂದ ಬರುತ್ತದೆ. ಗೆರೆ, ವಿಸ್ತರಣೆ ಗೆರೆ, ಅಂಕಿ ಈ ಮೂರಕ್ಕೂ ಅಲ್ಲಿ ಬೇರೆ ಬೇರೆ ಬಣ್ಣವಿರುತ್ತದೆ. ಅಳತೆಯ ಹೆಸರಿಲ್ಲದ ಬ್ಲಾಕಿನೊಳಗೆ ಎಷ್ಟು ತಿದ್ದಿದರೂ, ಆ ಅಳತೆ ಮತ್ತೆ ರಚನೆಯಾದಾಗ ಸ್ಟೈಲಿನ ಬಣ್ಣವೇ ಹಿಂದಿರುಗುತ್ತದೆ. ಕೋಣೆಗಳ ಹೆಸರು ಎಂಟೆಕ್ಸ್ಟ್ (ಹಲವು ಸಾಲಿನ ಪಠ್ಯ) ಆಗಿದ್ದು, ಅಕ್ಷರಗಳ ನಡುವೆಯೇ ಬಣ್ಣದ ಸಂಕೇತ ಸೇರಿಕೊಂಡಿದೆ. ಅದನ್ನು ಎಡಿಟರಿನಲ್ಲಿ ಫಾರ್ಮ್ಯಾಟಿಂಗ್ ತೆಗೆದು ಸರಿಪಡಿಸಬೇಕು, ಇಲ್ಲವೇ ಪಠ್ಯದಿಂದ ಆ ಸಂಕೇತವನ್ನು ಅಳಿಸುವ ಪ್ರೋಗ್ರಾಂ ಬರೆಯಬೇಕು.

ಫೋಲ್ಡರಿನ ಕೆಲಸಕ್ಕೆ ಆಟೊಕ್ಯಾಡ್ 2013ರಿಂದ ಬಂದಿರುವ ಕೋರ್ ಕನ್ಸೋಲ್ ತಕ್ಕುದಾಗಿದೆ, ಏಕೆಂದರೆ ಅದು ತೆರೆಯ ಮೇಲೆ ಆಟೊಕ್ಯಾಡ್‌ನ ವಿಂಡೋ ತೆರೆಯದೆ ಸ್ಕ್ರಿಪ್ಟ್ ಓಡಿಸುತ್ತದೆ. ಅಲ್ಲಿ ಆಕ್ಟಿವ್‌ಎಕ್ಸ್ ನೆಚ್ಚಿಕೊಳ್ಳುವಂತಿಲ್ಲವಾದ್ದರಿಂದ ಟಿಬಿಎಲ್‌ನೆಕ್ಸ್ಟ್, ಎಂಟ್‌ನೆಕ್ಸ್ಟ್, ಎಂಟ್‌ಮಾಡ್ ಎಂಬ ಆಟೊಲಿಸ್ಪ್ ಫಂಕ್ಷನ್‌ಗಳ ಹಳೆಯ ದಾರಿ ಹಿಡಿಯಿರಿ. ಬಣ್ಣದ ಸಂಖ್ಯೆ ವಸ್ತುವಿನ ದತ್ತಾಂಶದ 62ನೇ ಕೋಡಿನಲ್ಲಿರುತ್ತದೆ, ಆ ಕೋಡೇ ಇಲ್ಲದ ವಸ್ತು ಬೈಲೇಯರ್ ಎಂದೇ ಅರ್ಥ. ಟ್ರೂ ಕಲರ್ (ಕೆಂಪು, ಹಸಿರು, ನೀಲಿಗಳ ಪ್ರಮಾಣದಿಂದ ಹೇಳುವ ಬಣ್ಣ) ಕೊಟ್ಟಿದ್ದರೆ 420ನೇ ಕೋಡೂ ಇರುತ್ತದೆ. ಅದನ್ನೂ ತೆಗೆಯದೆ 62ನ್ನು ಮಾತ್ರ ಬದಲಿಸಿ ಪ್ರಯೋಜನವಿಲ್ಲ.

ಉತ್ತರ 3

ಇಷ್ಟೆಲ್ಲ ತಿದ್ದುವ ಮೊದಲು ಒಂದು ವಿಷಯ ಪರಿಶೀಲಿಸಿ. ವಾಸ್ತುಶಿಲ್ಪಿಯ ಕಡತ ಅವರದು, ಪರಿಷ್ಕರಣೆ ಬಂದಾಗ ನಿಮ್ಮ ತಿದ್ದುಪಡಿಗಳೆಲ್ಲ ಅಳಿಸಿಹೋಗುತ್ತವೆ. ಅದನ್ನು ಮುಟ್ಟದೆ ಎಕ್ಸ್‌ರೆಫ್ ಆಗಿ ಜೋಡಿಸಿ, ನಿಮ್ಮ ಕಡತದಲ್ಲಿ ಅದರ ಲೇಯರುಗಳಿಗೆ 8ನೇ ಬಣ್ಣ ಕೊಟ್ಟು, ವಿಸ್‌ರಿಟೇನ್ ಎಂಬ ಸೆಟ್ಟಿಂಗ್ 1 ಇರುವಂತೆ ನೋಡಿಕೊಂಡರೆ ಆ ಬಣ್ಣಗಳು ಮರುಲೋಡ್ ಆದ ಮೇಲೂ ಉಳಿಯುತ್ತವೆ. ನೇರ ಬಣ್ಣ ಪಡೆದ ಬಾಗಿಲುಗಳ ತೊಂದರೆಗೆ ಈಚಿನ ಆವೃತ್ತಿಗಳಲ್ಲಿರುವ ಎಕ್ಸ್‌ರೆಫ್‌ಓವರ್‌ರೈಡ್ ಎಂಬ ಸಿಸ್ಟಮ್ ವೇರಿಯಬಲ್ಲನ್ನು 1ಕ್ಕೆ ಇಡಿ. ಆಗ ಎಕ್ಸ್‌ರೆಫ್ ಲೇಯರುಗಳ ವಸ್ತುಗಳು, ಅವುಗಳಿಗೆ ಯಾವ ಬಣ್ಣವನ್ನು ಕೊಟ್ಟಿದ್ದರೂ, ಬೈಲೇಯರ್ ಎಂಬಂತೆಯೇ ತೋರುತ್ತವೆ. ಎಕ್ಸ್‌ರೆಫನ್ನು ಮಸುಕಾಗಿಸುವ ಎಕ್ಸ್‌ಡಿಡಬ್ಲ್ಯುಜಿಫೇಡ್‌ಸಿಟಿಎಲ್ ಮಾತ್ರ ತೆರೆಗಷ್ಟೇ ಸೀಮಿತ, ಪ್ಲಾಟ್ ಮಾಡುವಾಗ (ಮುದ್ರಿಸುವಾಗ) ಅದನ್ನು ನಂಬಿಕೊಳ್ಳಬೇಡಿ. ಲಿಸ್ಪ್ ಬೇಕಾಗುವುದು ನಕ್ಷೆಯನ್ನು ಬೈಂಡ್ ಮಾಡಿ ಒಂದೇ ಕಡತವಾಗಿ ಒಪ್ಪಿಸಬೇಕಾದಾಗ. ಆಗ ಉತ್ತರ 2ರಲ್ಲಿ ಹೇಳಿದ ಕ್ರಮವನ್ನು ಕಡತದ ಒಂದು ನಕಲಿನ ಮೇಲೆ ನಡೆಸಿ, ಮೂಲ ಕಡತವನ್ನು ಬೇರೆಯಾಗಿ ಕಾದಿರಿಸಿ.