ಅಲೊಕೇಟಬಲ್ ಅರೇ: ಒಂದೇ ಕಡತದಲ್ಲಿದ್ದರೆ ಕಂಪೈಲ್ ದೋಷ, ಬೇರ್ಪಡಿಸಿದರೆ ಸೆಗ್ಮೆಂಟೇಶನ್ ಫಾಲ್ಟ್

ಪ್ರಶ್ನೆ (ತೀರ್ಥಹಳ್ಳಿಯಿಂದ)

ಮಾನ್ಯರೇ, ಆಗುಂಬೆಯ 1991ರಿಂದ 2020ರವರೆಗಿನ ದಿನವಹಿ ಮಳೆಯ ಅಂಕಿಗಳನ್ನು ಓದುವ ಹಳೆಯ ಫೋರ್ಟ್ರಾನ್ ಪ್ರೋಗ್ರಾಂ ಒಂದನ್ನು ತಿದ್ದುತ್ತಿದ್ದೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ 122 ದಿನಗಳನ್ನಷ್ಟೇ ಲೆಕ್ಕಕ್ಕೆ ಹಿಡಿದು, ಅಂಕಿಗಳನ್ನು ಸಾಲಾಗಿ ಇಡುವ ಅರೇಯ ಅಳತೆಯನ್ನು 3660 ಎಂದು ಅದರಲ್ಲಿ ನಿಗದಿ ಮಾಡಿಬಿಟ್ಟಿದ್ದರು. ನನಗೆ ಹಿಂಗಾರು ಮಳೆಯೂ ಬೇಕಾದ್ದರಿಂದ ಅದನ್ನು ಅಲೊಕೇಟಬಲ್ (ಓಡುವಾಗ ಬೇಕಾದಷ್ಟು ಜಾಗ ಪಡೆಯುವಂಥದ್ದು) ಮಾಡಿ, ಕಡತದ ಸಾಲುಗಳನ್ನು ಎಣಿಸಿ ಜಾಗ ಪಡೆಯುವ ಕೆಲಸವನ್ನು ಒಂದು ಸಬ್‌ರೂಟೀನ್‌ಗೆ (ಕರೆದಾಗ ಕೆಲಸ ಮಾಡುವ ಉಪಪ್ರೋಗ್ರಾಂಗೆ) ಒಪ್ಪಿಸಿದೆ. ಜಿಫೋರ್ಟ್ರಾನ್ ಕಂಪೈಲರ್ ಅದನ್ನು ಕರೆಯುವ ಕಾಲ್ ಸಾಲಿನ ಕೆಳಗೆ 1 ಎಂದು ಗುರುತಿಟ್ಟು, ‘ಎಕ್ಸ್‌ಪ್ಲಿಸಿಟ್ ಇಂಟರ್‌ಫೇಸ್ ರಿಕ್ವೈರ್ಡ್’ (ಸಬ್‌ರೂಟೀನ್ ಏನನ್ನು ಪಡೆಯುತ್ತದೆಂಬ ವಿವರ ಕಾಣಬೇಕು) ಎನ್ನುತ್ತದೆ. ಸಬ್‌ರೂಟೀನನ್ನು ಬೇರೆ ಕಡತಕ್ಕೆ ಸಾಗಿಸಿದಾಗ ದೋಷ ಹೋಯಿತು. ಆದರೆ ಓಡಿಸಿದೊಡನೆ ಸೆಗ್ಮೆಂಟೇಶನ್ ಫಾಲ್ಟ್ ಎಂದು ಪ್ರೋಗ್ರಾಂ ನಿಂತುಬಿಡುತ್ತದೆ. ನನ್ನ ಲ್ಯಾಪ್‌ಟಾಪಿನ ಮೆಮೊರಿ ಸಾಲದೆಂದು ಇದರ ಅರ್ಥವೇ?

ಉತ್ತರ (ಸಾಗರದಿಂದ)

ಖಂಡಿತ ಅಲ್ಲ. ಮೂವತ್ತು ವರ್ಷಗಳ ಅಷ್ಟೂ ದಿನ ಸೇರಿ 10,958. ಡಬಲ್ ಪ್ರಿಸಿಷನ್‌ನಲ್ಲಿ ತಲಾ 8 ಬೈಟ್‌ನಂತೆ 87,664 ಬೈಟ್. ಒಂದು ಸಣ್ಣ ಫೋಟೊಗೂ ಇದಕ್ಕಿಂತ ಹೆಚ್ಚು ಜಾಗ ಬೇಕು.

ದೋಷ ಹೋಗಲಿಲ್ಲ, ಕಂಪೈಲರಿನ ಕಣ್ಣಿಗೆ ಮರೆಯಾಯಿತು ಅಷ್ಟೆ. ಅಲೊಕೇಟಬಲ್ ಆರ್ಗ್ಯುಮೆಂಟನ್ನು (ಕರೆಯುವಾಗ ಕೊಡುವ ಅರೇಯನ್ನು) ಪಡೆಯುವ ಸಬ್‌ರೂಟೀನ್, ಅರೇಯ ವಿಳಾಸ, ಮೇಲಿನ ಮತ್ತು ಕೆಳಗಿನ ಮಿತಿಗಳು ಇವೆಲ್ಲವೂ ಇರುವ ಡಿಸ್ಕ್ರಿಪ್ಟರ್ ತನ್ನ ಕೈಗೆ ಬರುತ್ತದೆಂದು ನಂಬಿಕೊಂಡಿರುತ್ತದೆ. ಇಂಟರ್‌ಫೇಸ್ ಕಾಣದ ಮುಖ್ಯ ಪ್ರೋಗ್ರಾಂ ಹಳೆಯ ಪದ್ಧತಿಯಂತೆ ದತ್ತಾಂಶದ ವಿಳಾಸವನ್ನಷ್ಟೇ ಕಳುಹಿಸುತ್ತದೆ. ನಿಮ್ಮ ಅರೇಗೆ ಇನ್ನೂ ಜಾಗವೇ ಸಿಕ್ಕಿಲ್ಲವಾದ್ದರಿಂದ ಆ ವಿಳಾಸ ಸೊನ್ನೆ. ಸೊನ್ನೆಯಲ್ಲಿ ಡಿಸ್ಕ್ರಿಪ್ಟರನ್ನು ಹುಡುಕಹೊರಟರೆ ಪ್ರೋಗ್ರಾಂ ಬೀಳದೆ ಇನ್ನೇನಾದೀತು? ಒಂದೇ ಕಡತದಲ್ಲಿದ್ದಾಗ ಕಂಪೈಲರ್ ಎರಡನ್ನೂ ನೋಡಿ ಎಚ್ಚರಿಸಿತ್ತು, ನೀವು ಎಚ್ಚರಿಸಿದವರನ್ನೇ ಹೊರಗೆ ಕಳುಹಿಸಿದಿರಿ.

ಸಬ್‌ರೂಟೀನನ್ನು ಒಂದು ಮಾಡ್ಯೂಲಿನ (ಸಬ್‌ರೂಟೀನ್‌ಗಳನ್ನು ಒಟ್ಟಿಗಿಡುವ ಘಟಕದ) ‘ಕಂಟೈನ್ಸ್’ ಕೆಳಗೆ ಇಟ್ಟು, ಮುಖ್ಯ ಪ್ರೋಗ್ರಾಂನಲ್ಲಿ ‘ಯೂಸ್’ ಮಾಡಿ, ಆಗ ಇಂಟರ್‌ಫೇಸ್ ತಾನಾಗಿ ಕಾಣುತ್ತದೆ. ಮಾಡ್ಯೂಲಿನ ಕಡತ ಮೊದಲು ಕಂಪೈಲ್ ಆಗಬೇಕು. ಇಂಟರ್‌ಫೇಸ್ ಬ್ಲಾಕನ್ನು ಕೈಯಾರೆ ಬರೆದರೂ ನಡೆಯುತ್ತದೆ, ಆದರೆ ಸಬ್‌ರೂಟೀನನ್ನು ಬದಲಿಸಿದಾಗಲೆಲ್ಲ ಅದನ್ನೂ ಬದಲಿಸಬೇಕಾಗುವುದರಿಂದ ನಾನು ಅದನ್ನು ಹೇಳುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಮಾಡ್ಯೂಲ್ ಮಾಡಿದೆ, ಸರ್, ಆಗುಂಬೆಯ ಕಡತ ಸರಿಯಾಗಿ ಓದಿತು. ಅದೇ ಅರೇ ಕೊಟ್ಟು ಹುಲಿಕಲ್ಲಿನ ಕಡತವನ್ನು ಓದಿಸಿದರೆ, ಈಗಾಗಲೇ ಅಲೊಕೇಟ್ ಆಗಿರುವುದನ್ನು ಮತ್ತೆ ಅಲೊಕೇಟ್ ಮಾಡುತ್ತಿದ್ದೀರಿ ಎಂದು ನಿಲ್ಲುತ್ತದೆ.

ಉತ್ತರ (ಶಿವಮೊಗ್ಗದಿಂದ)

ಆರ್ಗ್ಯುಮೆಂಟನ್ನು ‘ಇಂಟೆಂಟ್ ಇನ್‌ಔಟ್’ (ಒಳಕ್ಕೂ ಹೊರಕ್ಕೂ) ಎಂದು ಬರೆದಿರಬೇಕು. ‘ಇಂಟೆಂಟ್ ಔಟ್’ (ಹೊರಕ್ಕೆ ಮಾತ್ರ) ಮಾಡಿದರೆ ಸಬ್‌ರೂಟೀನಿನೊಳಗೆ ಕಾಲಿಟ್ಟೊಡನೆ ಹಳೆಯ ಜಾಗ ತಾನಾಗಿ ಬಿಡುಗಡೆಯಾಗುತ್ತದೆ. ಫೋರ್ಟ್ರಾನ್ 2003ರಲ್ಲಿ ಅಲೊಕೇಟಬಲ್ ಆರ್ಗ್ಯುಮೆಂಟುಗಳು ಬಂದಾಗಲೇ ಈ ನಿಯಮವೂ ಬಂತು. ಆಗುಂಬೆಯ ಅಂಕಿಗಳು ಮುಂದೆಯೂ ಬೇಕಿದ್ದರೆ ಮಾತ್ರ ಹುಲಿಕಲ್ಲಿಗೆ ಬೇರೆ ಅರೇ ಕೊಡಿ.

ಇನ್ನೊಂದು ಮಾತು. ಘೋಷಿಸದ ಹೆಸರುಗಳನ್ನು ತಡೆಯುವ ‘ಇಂಪ್ಲಿಸಿಟ್ ನನ್’ ಸಾಲಿನ ಕೊನೆಗೆ ಆವರಣದಲ್ಲಿ ‘ಟೈಪ್, ಎಕ್ಸ್‌ಟರ್ನಲ್’ ಎಂದು ಸೇರಿಸಿ. 2018ರ ಮಾನಕದಲ್ಲಿ ಬಂದ ಈ ರೂಪವಿದ್ದಿದ್ದರೆ, ಕಡತಗಳನ್ನು ಬೇರ್ಪಡಿಸಿದ ಮೇಲೂ ಕಂಪೈಲರ್ ನಿಮ್ಮನ್ನು ಅಲ್ಲಿಯೇ ತಡೆಯುತ್ತಿತ್ತು.