ತುರ್ತು: ‘ಆಪರ್ಚುನಿಟಿ ಕಾಸ್ಟ್’ಗೆ ರೈತರಿಗೆ ತಿಳಿಯುವ ಪದ ಬೇಕು

ತೀರ್ಥಹಳ್ಳಿಯಿಂದ:
ನಮಸ್ಕಾರ. ನಮ್ಮೂರಿನ ರೈತರ ಸಭೆಗೆ ಫ್ಲೆಕ್ಸ್ ಬರೆಯುತ್ತಿದ್ದೇನೆ. ಗದ್ದೆಯನ್ನು ಅಡಿಕೆ ತೋಟ ಮಾಡುವ ಮೊದಲು ಏನೇನು ಲೆಕ್ಕ ಹಾಕಬೇಕು ಅನ್ನುವುದು ವಿಷಯ. ಸಸಿ, ಮಣ್ಣು, ಕೂಲಿ ಎಲ್ಲ ಬರೆದಾಯಿತು. ಸಿಕ್ಕಿಕೊಂಡದ್ದು ಆಪರ್ಚುನಿಟಿ ಕಾಸ್ಟ್ ಹತ್ತಿರ. ಸಸಿ ನೆಟ್ಟರೆ ಫಸಲಿಗೆ ಐದಾರು ವರ್ಷ ಕಾಯಬೇಕು. ಅಷ್ಟು ವರ್ಷದ ಭತ್ತ ಹೋಯಿತಲ್ಲ, ಅದು. ಪಿಯುಸಿ ಪುಸ್ತಕದ ‘ಅವಕಾಶ ವೆಚ್ಚ’ವನ್ನು ಅಣ್ಣನಿಗೆ ತೋರಿಸಿದೆ. ‘ಯಾರಿಗೆ ಅವಕಾಶ ಕೊಡ್ತಾರಂತೆ?’ ಅಂದ. ಪ್ರೆಸ್ ಆರು ಗಂಟೆಗೆ ಮುಚ್ಚುತ್ತದೆ.

ಶಿವಮೊಗ್ಗದಿಂದ:
ಇರುವ ಪದವನ್ನೇ ಸುಮ್ನೆ ಹಾಕಿ. ಮಾರ್ಜಿನಲ್ ಯುಟಿಲಿಟಿಗೆ ಇಟ್ಟ ‘ಸೀಮಾಂತ ತುಷ್ಟಿಗುಣ’ವನ್ನೇ ನುಂಗಿದವರಿಗೆ ಇದೇನು ಮಹಾ.

ಸಾಗರದಿಂದ:
ಸಂಸ್ಕೃತದಲ್ಲಿ ‘ಅವಕಾಶ’ ಅಂದರೆ ಮೊದಲು ತೆರಪು, ಜಾಗ. ಜಾಗದ ಖರ್ಚು ಅಂತ ಬರೆದ ಹಾಗಾಯಿತು. ‘ವೆಚ್ಚ’ವೂ ವ್ಯಯದ ತದ್ಭವ. ನಮ್ಮದೇ ‘ತೆರು’ ಇದೆ, ತೆರಿಗೆ ಹುಟ್ಟಿದ್ದು ಅದರಿಂದಲೇ. ‘ಬಿಟ್ಟತೆರ’ ಅನ್ನಿ. ಮುಗಿಯಿತು.

ಹೊಸನಗರದಿಂದ:
ಮುಗಿಯಲಿಲ್ಲ. ತೆರ ಅಂದರೆ ಮದುವೆಯಲ್ಲಿ ಹೆಣ್ಣಿನ ಕಡೆಗೆ ಕೊಡುತ್ತಿದ್ದ ದುಡ್ಡು. ‘ಬಿಟ್ಟತೆರ’ ಓದಿದವರು ಯಾವುದೋ ಸಂಬಂಧ ಮುರಿದಿದೆ ಅಂದುಕೊಳ್ಳುತ್ತಾರೆ.

ನನ್ನ ತಕರಾರು ‘ಅವಕಾಶ’ದ ಮೇಲಲ್ಲ, ‘ವೆಚ್ಚ’ದ ಮೇಲೆ. ವೆಚ್ಚ ಅಂದಮೇಲೆ ಜೇಬಿನಿಂದ ಹೋಗಬೇಕು. ಇಲ್ಲಿ ಒಂದು ಪೈಸೆಯೂ ಹೋಗುವುದಿಲ್ಲ, ಬರಬೇಕಾದ್ದು ಬರುವುದಿಲ್ಲ ಅಷ್ಟೆ. ಅದಕ್ಕೇ ‘ಗದ್ದೆ ನಮ್ಮದೇ, ಗೇಣಿ ಇಲ್ಲ, ಕೆಲಸಕ್ಕೆ ಮನೆಯವರೇ ಇದ್ದೇವೆ’ ಅಂತ ಲೆಕ್ಕದಿಂದಲೇ ಬಿಟ್ಟುಬಿಡುತ್ತೇವೆ. ಈ ವಿಚಾರ ಬೆಳೆಸಿದ ಆಸ್ಟ್ರಿಯಾದ ಅರ್ಥಶಾಸ್ತ್ರಜ್ಞ ವೀಸರ್ ಕೂಡ ನೋಡಿದ್ದು ಕೊಟ್ಟ ಹಣವನ್ನಲ್ಲ, ಬಿಟ್ಟುಕೊಟ್ಟದ್ದನ್ನು. ‘ಬಿಟ್ಟ ಗಳಿಕೆ’ ಅಂತ ಹಾಕಿ.

ಒಂದು ಮಾತು. ಬಿಟ್ಟದ್ದನ್ನೆಲ್ಲ ಕೂಡಿಸಬೇಡಿ. ಆ ಗದ್ದೆಯಲ್ಲಿ ಭತ್ತ ಬೆಳೆಯಬಹುದಿತ್ತು, ಶುಂಠಿಯವರಿಗೆ ಗುತ್ತಿಗೆ ಕೊಡಬಹುದಿತ್ತು. ಒಂದೇ ವರ್ಷ ಎರಡೂ ಆಗುತ್ತಿರಲಿಲ್ಲ ಅಲ್ವಾ? ಖರ್ಚು ಕಳೆದು ಯಾವುದರಲ್ಲಿ ಜಾಸ್ತಿ ಉಳಿಯುತ್ತಿತ್ತೋ ಅದೊಂದನ್ನೇ ಹಿಡಿಯಿರಿ. ಸಸಿಗಳ ನಡುವೆ ಬಾಳೆ ಹಾಕುವುದಾದರೆ ಆ ದುಡ್ಡು ತೋಟದ ಆದಾಯಕ್ಕೆ ಸೇರುತ್ತದೆ, ಇದಕ್ಕಲ್ಲ.

ಸಾಗರದಿಂದ:
ಪೈಸೆ, ತಕರಾರು, ಖರ್ಚು, ಜಾಸ್ತಿ. ಒಂದೇ ಪತ್ರದಲ್ಲಿ ನಾಲ್ಕು ಎರವಲು.

ಹೊಸನಗರದಿಂದ:
ಫ್ಲೆಕ್ಸಿನ ತಲೆಯ ಮೇಲಿನ ‘ರೈತ’ವೇ ಅರಬ್ಬಿಯಿಂದ ಬಂದದ್ದು. ಅಸಲು, ಬಾಕಿ, ವಸೂಲಿ, ದಲ್ಲಾಳಿ, ಇವೂ ಅಲ್ಲಿಂದಲೇ. ಇಷ್ಟನ್ನೂ ಬಿಟ್ಟು ಅಡಿಕೆ ಮಂಡಿಯಲ್ಲಿ ಒಂದು ದಿನ ರಾಶಿ, ಬೆಟ್ಟೆ ಅನ್ನುವ ಬಗೆಯ ಅಡಿಕೆ ಮಾರಿ ಬನ್ನಿ, ಆಮೇಲೆ ಮಾತಾಡೋಣ.

ಸಾಗರದಿಂದ:
‘ಒಕ್ಕಲಿಗ’ ಇತ್ತಲ್ಲ.

ಶಿವಮೊಗ್ಗದಿಂದ:
ಅದನ್ನು ಹಾಕಿದರೆ ಜಾತಿ ಸಭೆ ಅಂದುಕೊಳ್ಳುತ್ತಾರೆ ಮಾರಾಯರೇ. ಬೇಡಿಕೆ, ಪೂರೈಕೆ ಥರದ ಪದಗಳು ನಿಂತದ್ದು ಯಾರ ಬೇರು ನೋಡಿಯೂ ಅಲ್ಲ. ಬಾಯಿಗೆ ಹತ್ತಿದವು, ಉಳಿದವು. ‘ಬಿಟ್ಟ ಗಳಿಕೆ’ಗೆ ನನ್ನದೂ ಒಪ್ಪಿಗೆ. ಪುಸ್ತಕದ ಪದ ಕೆಳಗೆ ಸಣ್ಣದಾಗಿ ಇರಲಿ, ಓದುವ ಮಕ್ಕಳೂ ಬರುತ್ತಾರೆ.

ತೀರ್ಥಹಳ್ಳಿಯಿಂದ:
ಎಲ್ಲರಿಗೂ ಧನ್ಯವಾದ. ಅದನ್ನೇ ಫೋನಿನಲ್ಲಿ ಹೇಳಿದೆ. ಈಗ ತಂದು ಬಿಚ್ಚಿ ನೋಡಿದರೆ ‘ಬಿಟ್ಟ ಗಳಿಗೆ’ ಅಂತಿದೆ. ಎಂಟಡಿ ಅಗಲ. ಸಭೆ ಬೆಳಗ್ಗೆ ಹತ್ತಕ್ಕೆ. ಒಂದು ಅಕ್ಷರದ ಮೇಲೆ ಕಾಗದ ಅಂಟಿಸಿದರೆ ಜಾಸ್ತಿ ಕಾಣುತ್ತದೆಯೇ?

ಸಾಗರದಿಂದ:
ಗಳಿಗೆ ‘ಘಟಿಕಾ’ದಿಂದ ಬಂದದ್ದು. ಅಂಟಿಸಿ.